ಮೇಜಿನ ಮೇಲೆ ಒಂದೇ ಬಾಯಿ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು. ಎಲ್ಲರೂ ಅವನನ್ನು ‘ಈಗಾಯ್ತು’ ಎಂದೇ ಕರೆಯುತ್ತಿದ್ದರು. ಫೋನು ಎತ್ತಿದ ಕೂಡಲೇ, ಆ ಕಡೆಯವರು ಏನು ಕೇಳುತ್ತಾರೆಂದು ತಿಳಿಯುವ ಮೊದಲೇ, ಅವನ ಬಾಯಿಂದ ಉದುರುವ ಮಾತು ಅದು: “ಈಗಾಯ್ತು ಡಾಕ್ಟ್ರೇ, ಈಗಾಯ್ತು.” ಆಗಿರುತ್ತಿರಲಿಲ್ಲ. ಎಷ್ಟೋ ಸಲ ಶುರುವೂ ಆಗಿರುತ್ತಿರಲಿಲ್ಲ.

ಅವನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರರು ಬೊಚ್ಚು ಬಾಯಿಗಳ ಅಳತೆ ತೆಗೆದು, ಮೇಲಿನ ದವಡೆ ಕೆಳಗಿನ ದವಡೆಗಳ ಅಚ್ಚು ಕಳಿಸುತ್ತಾರೆ. ಇವನು ಅದರ ಮೇಲೆ ಹಲ್ಲು ಕೂರಿಸಿ, ಒಸಡು ಕಟ್ಟಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಅಡುಗೆಮನೆಯ ಹಿಂದೆ ಹಿಂದೊಮ್ಮೆ ಸೌದೆ ತುಂಬುತ್ತಿದ್ದ ಕೋಣೆಯೇ ಕಾರ್ಖಾನೆ. ಒಂದು ಉದ್ದನೆಯ ಮೇಜು, ಪಕ್ಕದ ಮನೆಯ ಗೋಡೆಯನ್ನಷ್ಟೇ ತೋರಿಸುವ ಒಂದು ಕಿಟಕಿ, ನೀರು ಸದಾ ತೊಟ್ಟಿಕ್ಕುವ ಒಂದು ನಲ್ಲಿ. ಅಚ್ಚಿನ ಬಿಳಿ ಪುಡಿ ಎಲ್ಲದರ ಮೇಲೂ ಕೂತಿತ್ತು. ಹೆಂಡತಿಯ ಬಾಚಣಿಗೆಯ ಹಲ್ಲುಗಳ ನಡುವೆಯೂ ಇತ್ತು. ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟ ದವಡೆಗಳು ಓಣಿಯಲ್ಲಿ ಹೋಗಿಬರುವವರನ್ನು ನೋಡಿ ಕಾರಣವಿಲ್ಲದೆ ಹಲ್ಲುಕಿರಿಯುತ್ತಿದ್ದವು.

ಇದಕ್ಕೆ ಮೊದಲು ಅವನು ಬಹಳ ವರ್ಷ ಒಂದು ದೊಡ್ಡ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿಕೊಂಡಿದ್ದ. ಅಲ್ಲಿನ ಯಜಮಾನ ಮುದುಕ, ಮಾತು ಕಡಿಮೆ. ಹೊಸದಾಗಿ ಬಂದವರಿಗೆ ಅವನು ಹೇಳಿಕೊಡುತ್ತಿದ್ದ ನಿಯಮ ಒಂದೇ. “ಮೇಜಿನ ಮೇಲೆ ಒಂದೇ ಬಾಯಿ ಇರ್ಬೇಕು. ಅದು ಎದ್ದು ಹೋದ್ಮೇಲೆ ಇನ್ನೊಂದು ಬರ್ಬೇಕು.” ಇದನ್ನು ಕೇಳಿದಾಗಲೆಲ್ಲ ನಮ್ಮ ಈಗಾಯ್ತುವಿಗೆ ಒಳಗೊಳಗೇ ನಗು. ಮುದುಕನ ಕೈ ನಿಧಾನ, ಆ ನಿಧಾನಕ್ಕೆ ಒಂದು ನಿಯಮದ ಅಂಗಿ ತೊಡಿಸಿಕೊಂಡಿದ್ದಾನೆ ಎಂದು ಅವನ ತೀರ್ಮಾನ. ಒಂದು ದಿನ ಆ ಕೆಲಸ ಬಿಟ್ಟು ಬಂದ. “ಇನ್ಮೇಲೆ ನನಗೆ ನಾನೇ ಯಜಮಾನ” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ತನಗೆ ತಾನೇ ಯಜಮಾನನಾದವನು ಮಾಡಿದ ಮೊದಲ ಕೆಲಸವೆಂದರೆ ತನ್ನ ಆಳನ್ನು ಊಟಕ್ಕೂ ಬಿಡದೆ ಓಡಿಸಿದ್ದು. ಆ ಆಳೂ ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಅಂದಿನಿಂದ ಮೇಜಿನ ಮೇಲೆ ಬಾಯಿಗಳ ಜಾತ್ರೆ. ಒಂದರದು ಮೇಣ ಕರಗುತ್ತಿರುವಾಗ ಇನ್ನೊಂದರ ಹಲ್ಲು ಆರಿಸುವುದು, ಅದು ಅರ್ಧದಲ್ಲಿರುವಾಗ ಮೂರನೆಯದನ್ನು ಉಜ್ಜುವುದು. ಉಪಾಧ್ಯಾಯಿನಿಯೊಬ್ಬರಿಗೆ ಯಾರೋ ತರುಣನಿಗೆಂದು ತೆಗೆದಿಟ್ಟ ಹಾಲಿನಂಥ ಹಲ್ಲು ಕೂರಿಸಿ ಕಳಿಸಿದ. ಪಾಪ, ಆಕೆ ಬಾಯಿ ತೆರೆದರೆ ಟೂತ್‌ಪೇಸ್ಟಿನ ಜಾಹೀರಾತು. ಆ ತರುಣನಿಗೆ ಹೋದದ್ದು ಚಹಾ ಬಣ್ಣದ ಹಲ್ಲು. ಇನ್ನೊಬ್ಬರ ಸೆಟ್ಟಿಗೆ ಒಳಬದಿ ಉಜ್ಜುವುದನ್ನೇ ಮರೆತ. ಅವರ ನಾಲಿಗೆ ವಾರವಿಡೀ ಹುಣ್ಣಾಯಿತು. ಕೇಳಿದರೆ ಅವನ ಬಳಿ ಒಂದೇ ಉತ್ತರ: ಒತ್ತಡ. ಒತ್ತಡದ ಬಗ್ಗೆ ಅವನು ಮನೆಯಲ್ಲಿ ಠಿಕಾಣಿ ಹೂಡಿದ ದೂರದ ನೆಂಟನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದ. ಅವನಿಂದ ಹಾಲುಕ್ಕಿತು, ಅವನಿಂದ ಬಾಗಿಲು ಹಾಕುವುದು ಮರೆತೆ, ಅವನು ಇರದಿದ್ದರೆ ನನ್ನಂಥವನು ಇಲ್ಲ. ಆ ನೆಂಟನನ್ನು ದಿನಾ ಫೋನಿನಲ್ಲಿ “ಬನ್ನಿ ಬನ್ನಿ, ಈಗಾಯ್ತು” ಎಂದು ಒಳಗೆ ಕರೆದವರು ಯಾರು ಎಂದು ಹೆಂಡತಿ ಕೇಳಿದರೆ ಮಾತ್ರ ಅವನಿಗೆ ನಲ್ಲಿಯ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಹೆಂಡತಿಯ ತಮ್ಮನೊಬ್ಬನಿದ್ದ. ಯಾವ ಕೆಲಸದಲ್ಲೂ ನೆಲೆನಿಲ್ಲದವನು, ಆದ್ದರಿಂದ ಎಲ್ಲ ಕೆಲಸದ ಬಗ್ಗೆಯೂ ಬುದ್ಧಿ ಹೇಳಬಲ್ಲವನು. ಮೊಬೈಲಿನಲ್ಲಿ ಯಾರೋ ಕೋಟು ಹಾಕಿಕೊಂಡವರ ಭಾಷಣ ಕೇಳಿಕೊಂಡು ಬಂದು, ಭಾವನ ಮೇಜಿನ ಮೇಲೆ ಬಣ್ಣಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ.

“ನೋಡಿ ಭಾವ, ಕೆಂಪು ಅಂದ್ರೆ ತುರ್ತು. ಹಳದಿ ಅಂದ್ರೆ ಸ್ವಲ್ಪ ತುರ್ತು. ಹಸಿರು ಅಂದ್ರೆ ಆರಾಮ. ಮೆದುಳು ಬಣ್ಣನ ಮರೆಯಲ್ಲ.”

“ನಿನ್ನ ಮೆದುಳಿಗೆ ಯಾವ ಬಣ್ಣವೋ?” ಎಂದಳು ಹೆಂಡತಿ, ಒಗ್ಗರಣೆ ಸೌಟನ್ನು ಕೈಯಲ್ಲೇ ಹಿಡಿದು.

“ನೀನು ನಗ್ತೀಯ. ದೊಡ್ಡ ದೊಡ್ಡ ಕಂಪನಿಗಳು ಹೀಗೇ ಮಾಡೋದು.”

ವಾರ ಕಳೆಯುವಷ್ಟರಲ್ಲಿ ಬಂದದ್ದೆಲ್ಲ ಕೆಂಪು ಡಬ್ಬಿಗೇ ಬಿತ್ತು. ಕೆಂಪು ತುಂಬಿದ ಮೇಲೆ ಹಳದಿಗೆ ಕೆಂಪು ಮುಚ್ಚಳ ಹಾಕಿದ. ಹಸಿರು ಡಬ್ಬಿಯನ್ನು ಹೆಂಡತಿ ಗುಂಡಿ, ಸೂಜಿ, ದಾರ ಇಡಲು ಎತ್ತಿಕೊಂಡು ಹೋದಳು. ಆ ಮನೆಯಲ್ಲಿ ಆರಾಮವಾಗಿ ಇದ್ದದ್ದು ಗುಂಡಿಗಳು ಮಾತ್ರ.

ಇನ್ನು ಈಗಾಯ್ತುವಿನ ಅಕ್ಕನ ವಿಷಯಕ್ಕೆ ಬರಬೇಕು. ಒಡಹುಟ್ಟಿದ ಅಕ್ಕ. ನಗರದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವುದು ಅವಳ ಕೆಲಸ. “ಪ್ರಯಾಣಿಕರ ಗಮನಕ್ಕೆ” ಎಂದು ಅವಳು ಶುರುಮಾಡಿದರೆ ಅಳುವ ಮಕ್ಕಳೂ ಒಂದು ಕ್ಷಣ ತಲೆಯೆತ್ತುತ್ತಿದ್ದವು. ಧ್ವನಿ ಅಷ್ಟು ದೊಡ್ಡದೇನಲ್ಲ. ಆದರೆ ಒಂದೊಂದು ಅಕ್ಷರವೂ ಒರೆಸಿಟ್ಟ ಲೋಟದ ಹಾಗೆ. ಗದ್ದಲದಲ್ಲಿ, ಹೊಗೆಯಲ್ಲಿ, ಗಂಟುಮೂಟೆ ಹೊತ್ತು ದಾರಿ ತಪ್ಪಿದವರಿಗೆ ಆ ಧ್ವನಿ ಕೈಹಿಡಿದು ಕರೆದೊಯ್ದಂತಿರುತ್ತಿತ್ತು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ. ಅವನ ಹಾಲುಹಲ್ಲು ಅಲುಗಾಡಿದಾಗ ದಾರ ಕಟ್ಟಿ, ಹಣೆಗೆ ಹಣೆ ತಾಗಿಸಿ, “ಈಗಾಯ್ತು, ಈಗಾಯ್ತು ಮರಿ” ಎನ್ನುತ್ತಿದ್ದಳು. ಮಾತು ಮುಗಿಯುವಾಗ ಹಲ್ಲು ಅವಳ ಅಂಗೈಯಲ್ಲಿರುತ್ತಿತ್ತು. ಅಂದರೆ ಆ ಮಾತು ಮೂಲದಲ್ಲಿ ಅವಳದು. ತಮ್ಮನಾದವನು ಮಾತನ್ನು ಮಾತ್ರ ಇಟ್ಟುಕೊಂಡ, ಅದರ ಹಿಂದಿನ ಕೈಯನ್ನು ಅಲ್ಲೇ ಬಿಟ್ಟು ಬಂದ.

ಒಸಡಿನ ಕಾಯಿಲೆ ಬಂದು ಅಕ್ಕನ ಹಲ್ಲುಗಳೆಲ್ಲ ಸಡಿಲವಾದವು. ತಮ್ಮನಿಗೆ ಅಚ್ಚು ಕಳಿಸುವ ಡಾಕ್ಟರಮ್ಮ ಉಳಿದವನ್ನೂ ಕಿತ್ತರು. ಗಾಯ ಮಾಯುವ ತನಕ ಅಕ್ಕ ಬಾಯಿಗೆ ಕರವಸ್ತ್ರ ಹಿಡಿದು ಓಡಾಡಿದಳು. ಸೇಬನ್ನು ಬೇಯಿಸಿ ತಿಂದಳು. ಅಷ್ಟರಲ್ಲಿ ನಿಲ್ದಾಣದವರು ಅವಳ ಜಾಗಕ್ಕೆ ಒಂದು ಯಂತ್ರ ತಂದಿಟ್ಟರು. ಆ ಯಂತ್ರದ ಹೆಣ್ಣು ಧ್ವನಿ “ಬಂದರಿಗೆ ಹೋಗುವ” ಎಂದು ಹೇಳಿ, ನಿದ್ದೆ ಹೋದವರಂತೆ ಸುಮ್ಮನಾಗಿ, ಬಸ್ಸು ಹೊರಟ ಮೇಲೆ “ಬಸ್ಸು” ಎನ್ನುತ್ತಿತ್ತು. ಆದರೆ ಅದಕ್ಕೆ ರಜೆ ಬೇಡ, ಹಲ್ಲೂ ಬೇಡ. ಮೇಲಧಿಕಾರಿಗೆ ಅದು ಹಿಡಿಸಿತ್ತು. ಅವನು ಅಕ್ಕನನ್ನು ಕರೆಸಿ ನೇರವಾಗಿಯೇ ಹೇಳಿದ: “ಹಲ್ಲು ಕಟ್ಟಿಸ್ಕೊಂಡು ಬನ್ನಿ. ನನ್ನೆದುರು ಮೈಕಲ್ಲಿ ಓದಿ. ಸ್ಪಷ್ಟವಾಗಿದ್ರೆ ಜಾಗ ನಿಮ್ಮದೇ. ಇಲ್ದಿದ್ರೆ ಯಂತ್ರನೇ ಖಾಯಂ, ನಿಮಗೆ ಕೆಳಗಿನ ಕೋಣೆ.” ಕೆಳಗಿನ ಕೋಣೆ ಎಂದರೆ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಕೊಡೆ, ಬುತ್ತಿ ಡಬ್ಬಿ, ಒಂಟಿ ಚಪ್ಪಲಿಗಳನ್ನು ರಾಶಿ ಹಾಕುವ ಜಾಗ. ನಿವೃತ್ತಿಯ ತನಕ ಅಲ್ಲಿ ಒಂದು ಕೊಡೆಯಾಗಿ ಕೂರುವುದು ಅಕ್ಕನಿಗೆ ಸಾವಿಗಿಂತ ಕಡೆ.

ಅಚ್ಚು ಡಾಕ್ಟರಮ್ಮನಿಂದ ತಮ್ಮನ ಮನೆಗೆ ಬಂತು. ಬಂದದ್ದು ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಮೊದಲು ಹೋಟೆಲಿನವರದು, ಆಮೇಲೆ ಗಡಿಯಾರದ ಅಂಗಡಿಯವರದು. ಮನೆಯವರಲ್ಲವೆ, ಕಾಯುತ್ತಾರೆ. ಮನೆಯವರನ್ನು ಕಾಯಿಸುವುದಕ್ಕೆ ಯಾರಿಗೂ ಕ್ಷಮೆ ಕೇಳಬೇಕಾಗಿಲ್ಲ ಎನ್ನುವುದು ಅವನ ಸ್ವತಂತ್ರ ಉದ್ಯೋಗದ ಅಡಿಗಲ್ಲು.

ಕೊನೆಗೆ, ಪರೀಕ್ಷೆಯ ಹಿಂದಿನ ದಿನ, ಅಕ್ಕನ ದವಡೆಗಳನ್ನು ಚೌಕಟ್ಟಿಗೆ ಏರಿಸಿದ. ಆ ಚೌಕಟ್ಟಿನ ಬಗ್ಗೆ ಒಂದು ಮಾತು. ಹಿತ್ತಾಳೆಯದು, ಬಾಗಿಲ ಕೀಲಿನಂತೆ ತೆರೆದು ಮುಚ್ಚುತ್ತದೆ. ಮೇಲೊಂದು ದವಡೆ, ಕೆಳಗೊಂದು ದವಡೆ. ಮುಂದುಗಡೆ ಒಂದು ಕಂಬಿ, ಅದಕ್ಕೊಂದು ತಿರುಪು. ಬಾಯಿ ಮುಚ್ಚಿದಾಗ ಮೇಲಕ್ಕೂ ಕೆಳಕ್ಕೂ ನಡುವೆ ಎಷ್ಟು ಎತ್ತರ ಇರಬೇಕೆಂದು ಹೇಳುವುದು ಆ ಕಂಬಿ. ಒಬ್ಬೊಬ್ಬರ ಮುಖಕ್ಕೆ ಒಂದೊಂದು ಎತ್ತರ. ಬಾಯಿ ಬದಲಾದರೆ ಕಂಬಿಯೂ ಬದಲಾಗಬೇಕು. ಇದನ್ನು ಕಲಿಯಲು ಅರ್ಧ ದಿನ ಸಾಕು, ನೆನಪಿಡಲು ಮೇಜಿನ ಮೇಲೆ ಒಂದೇ ಬಾಯಿ ಇದ್ದರೆ ಸಾಕು.

ಅಕ್ಕನ ಮೇಲಿನ ಸಾಲು ಮೇಣದಲ್ಲಿ ಕೂರಿಸಿ ಮುಗಿಸಿದ್ದ, ಅಷ್ಟರಲ್ಲಿ ಫೋನು. ಡಾಕ್ಟರಮ್ಮ.

“ಲಾಯರ್ ಸೆಟ್ಟು ಎಲ್ಲಿಗೆ ಬಂತು? ಅವರಿಗೆ ನಾಳೆ ವಾದ ಇದೆ.”

“ಈಗಾಯ್ತು ಡಾಕ್ಟ್ರೇ.”

“ನಿನ್ನೇನೂ ಈಗಾಯ್ತು ಅಂದ್ರಿ.”

“ನಿನ್ನೆದು ಬೇರೆ ಈಗಾಯ್ತು. ಇದು ನಿಜವಾದ್ದು.”

ಅಕ್ಕನ ದವಡೆಗಳನ್ನು ಬಿಚ್ಚಿ ಪಕ್ಕಕ್ಕಿಟ್ಟ. ಲಾಯರದು ಕುದುರೆ ಮುಖ. ಕಂಬಿಯನ್ನು ಮೇಲಕ್ಕೆ ಎಳೆದು ತಿರುಪು ಬಿಗಿದ. ಲಾಯರ ಹಲ್ಲು ಕೂರಿಸುತ್ತಿರುವಾಗಲೇ ಅಕ್ಕ ಬಂದಳು, ಬಿಸಿಲಲ್ಲಿ ನಡೆದು. ಕರವಸ್ತ್ರದ ಹಿಂದಿನಿಂದಲೇ ಕೇಳಿದಳು.

“ಮೇಣದ್ದು ಬಾಯಿಗೆ ಹಾಕಿ ನೋಡ್ಬೇಕು ಅಂದಿದ್ರು ಡಾಕ್ಟರಮ್ಮ. ಅದಕ್ಕೇ ಬಂದೆ.”

ಗಟ್ಟಿ ಮಾಡುವ ಮೊದಲು ಮೇಣದಲ್ಲಿರುವಾಗಲೇ ಒಮ್ಮೆ ಬಾಯಿಗಿಟ್ಟು ನೋಡುವುದು ಈ ಕೆಲಸದ ಕ್ರಮ. ಮೇಣದಲ್ಲಿ ಹಲ್ಲನ್ನು ಉಗುರಿನಿಂದಲೂ ಸರಿಸಬಹುದು. ಗಟ್ಟಿಯಾದ ಮೇಲೆ ದೇವರು ಬಂದರೂ ಸರಿಸಲಾಗದು.

“ಅದೆಲ್ಲ ಹೊರಗಿನೋರಿಗೆ ಅಕ್ಕಾ,” ಎಂದ, ತಲೆ ಎತ್ತದೆ. “ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಹುಟ್ಟಿದಾಗಿಂದ ಬೈಸ್ಕೊಂಡಿದೀನಿ.”

“ಅಲ್ಲ ಕಣೋ, ಒಂದ್ಸಲ ನೋಡಿದ್ರೆ ಏನಾಗುತ್ತೆ? ನಾಳೆ ಬೆಳಿಗ್ಗೇನೇ ಪರೀಕ್ಷೆ.”

“ನಾಳೆ ಬೆಳಿಗ್ಗೇನೇ ನಿನ್ನ ಬಾಯಲ್ಲಿರುತ್ತೆ. ಈಗಾಯ್ತು. ಹೋಗು, ಬಿಸಿಲು ಏರುತ್ತೆ.”

ಅಕ್ಕ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ತಮ್ಮ ತಲೆ ಎತ್ತಿದ್ದರೆ ಅವಳ ಕಣ್ಣು ಕಾಣುತ್ತಿತ್ತು. ಎತ್ತಲಿಲ್ಲ. ಅವಳು ಹೋದಳು.

ಲಾಯರ ಬಾಯಿ ಎದ್ದು ಹೋಯಿತು, ಅಕ್ಕನ ಬಾಯಿ ಮತ್ತೆ ಬಂದು ಕೂತಿತು. ಕಂಬಿ ಮಾತ್ರ ಲಾಯರದೇ. ಕೆಳಗಿನ ಸಾಲು ಕೂರಿಸುವಾಗ ಯಾಕೋ ಸ್ವಲ್ಪ ಎತ್ತರವಾಯಿತಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ನಿಲ್ಲಿಸಿ ಏನು ಎಂದು ಕೇಳಲು ಪುರುಸೊತ್ತಿರಲಿಲ್ಲ. ಇಂಥವರಿಗೆ ತಪ್ಪು ತಿಳಿಯುವುದಿಲ್ಲ ಎಂದು ಹೇಳುವುದು ಸುಳ್ಳು. ತಿಳಿಯುತ್ತದೆ. ಬಾಗಿಲು ತಟ್ಟುತ್ತದೆ. ಒಳಗಿನಿಂದ ಇವರು “ಈಗಾಯ್ತು” ಎನ್ನುತ್ತಾರೆ, ಅದು ಮರ್ಯಾದಸ್ಥರ ಹಾಗೆ ಹೊರಟುಹೋಗುತ್ತದೆ.

ಬೆಳಿಗ್ಗೆ ಹಲ್ಲು ಬಾಯಿಗೇರಿದಾಗ ಅಕ್ಕ ಹೇಳಿದಳು: “ಬಾಯಿ ತುಂಬಾ ತುಂಬಿದ ಹಾಗಿದೆಯಲ್ಲೋ.”

“ಹೊಸದು ಹಾಗೇ ಅಕ್ಕಾ. ಹೊಸ ಚಪ್ಪಲಿ ಕಚ್ಚಲ್ವಾ?”

ನಿಲ್ದಾಣದಲ್ಲಿ ಏನಾಯಿತೆಂಬುದನ್ನು ಆಮೇಲೆ ಅಲ್ಲಿನ ಹಮಾಲರೂ ಕಂಡಕ್ಟರುಗಳೂ ಬಣ್ಣ ಕಟ್ಟಿ ಹೇಳಿದರು. ಬಣ್ಣ ತೆಗೆದರೆ ಉಳಿಯುವುದು ಇಷ್ಟು. ಮೇಲಧಿಕಾರಿ ಯಂತ್ರವನ್ನು ನಿಲ್ಲಿಸಿ, ಕೈಕಟ್ಟಿ ಕೂತ. ಅಕ್ಕ ತನ್ನ ಹಳೆಯ ಕುರ್ಚಿಯಲ್ಲಿ ಕೂತು ಕೂದಲು ಸರಿಮಾಡಿಕೊಂಡಳು. “ಪ್ರಯಾಣಿಕರ ಗಮನಕ್ಕೆ” ಎನ್ನುವವರೆಗೆ ಎಲ್ಲ ಸರಿಯಿತ್ತು. ಹಳಬರು ಕೆಲವರು ತಲೆ ಎತ್ತಿ ಮುಗುಳ್ನಕ್ಕರು ಕೂಡ. ಆಮೇಲೆ “ಆಸ್ಪತ್ರೆ ಮಾರ್ಗದ ಸಂಜೆಯ ಬಸ್ಸು” ಎಂಬ ಮಾತು ಬಂತು. ಸಕಾರ ಹೇಳುವಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತೀರ ಹತ್ತಿರ ಬರುತ್ತವೆ, ಆದರೆ ತಾಗುವುದಿಲ್ಲ. ಅಕ್ಕನವು ತಾಗಿದವು. ಟಕ್. ಸಂಜೆಗೊಂದು ಟಕ್, ಬಸ್ಸಿಗೊಂದು ಟಕ್. ನಿಲ್ದಾಣದ ಎಲ್ಲ ಧ್ವನಿಪೆಟ್ಟಿಗೆಗಳಿಂದಲೂ ಲಾಳ ಹೊಡೆದ ಕುದುರೆಯೊಂದು ನಿಧಾನವಾಗಿ ನಡೆದು ಬಂದ ಹಾಗೆ ಕೇಳಿಸಿತು. ಯಾರೋ ಡ್ರೈವರು “ದಾರಿ ಬಿಡಿ, ಗಾಡಿ ಬಂತು” ಎಂದ. ಸಾಲಿನಲ್ಲಿದ್ದ ಜನ ಗೊಳ್ಳೆಂದರು. ಅಕ್ಕ ನಿಲ್ಲಿಸಲಿಲ್ಲ. ಟಕ್ ಟಕ್ಕೆಂದೇ ವಾಕ್ಯ ಮುಗಿಸಿ, ಮೈಕು ಆರಿಸಿ, ಎದ್ದಳು. ಮೇಲಧಿಕಾರಿ ಮೀಸೆಯೊಳಗೆ ನಗು ನುಂಗಿಕೊಂಡು ಹೇಳಿದ: “ಮುಂದಿನ ವಾರ ಇನ್ನೊಂದ್ಸಲ ಓದಿ. ಹಳೇ ಕೆಲಸಗಾರರು ಅಂತ. ಆಮೇಲೆ ಕೇಳ್ಬೇಡಿ.”

ಅಕ್ಕ ನೇರ ತಮ್ಮನ ಮನೆಗೆ ಬಂದಳು. ಮೇಜಿನ ಮೇಲೆ, ಮಾಂಸದಂಗಡಿಯವನ ದವಡೆಯ ಪಕ್ಕದಲ್ಲಿ, ಕರವಸ್ತ್ರ ಬಿಚ್ಚಿ ಹಲ್ಲಿಟ್ಟಳು.

“ಏನಾಯ್ತಕ್ಕಾ?”

ಅವಳು ಹಲ್ಲು ಮತ್ತೆ ಹಾಕಿಕೊಂಡಳು. ಅವನ ಮುಖಕ್ಕೆ ಮುಖ ಕೊಟ್ಟು, ಮೈಕಿನ ಮುಂದೆ ಹೇಳುವಷ್ಟೇ ನಿಧಾನವಾಗಿ ಹೇಳಿದಳು. “ಸಂಜೆಯ ಬಸ್ಸು.” ಟಕ್. ಟಕ್.

ಅಡುಗೆಮನೆಯಿಂದ ಹೆಂಡತಿ ನಕ್ಕಳು. ಬಾಗಿಲಿಗೆ ಬಂದು ಅತ್ತಿಗೆಯ ಮುಖ ನೋಡಿದ ಮೇಲೆ ನಗು ನಿಂತಿತು.

“ಅದು... ಅಭ್ಯಾಸ ಆಗ್ಬೇಕು ಅಕ್ಕಾ. ಒಸಡು ಇನ್ನೂ ಕೂತಿಲ್ಲ. ಡಾಕ್ಟರಮ್ಮ ಅಳತೆ ತೆಗೆಯೋವಾಗ ಏನೋ...”

“ಹೇಳು, ಹೇಳು. ಬಸ್ಸಿಂದೇ ತಪ್ಪು ಅನ್ನು.”

“ಒತ್ತಡ ಇತ್ತಕ್ಕಾ. ಇವಳು ಬೇರೆ ಆ ಹಸಿರು ಡಬ್ಬಿ ಎತ್ತಿಟ್ಕೊಂಡು...”

“ಹೌದೌದು,” ಎಂದಳು ಹೆಂಡತಿ. “ನನ್ನ ಗುಂಡಿಗಳೇ ರಾತ್ರೋರಾತ್ರಿ ಬಂದು ನಿಮ್ಮಕ್ಕನ ಹಲ್ಲು ಎತ್ತರ ಮಾಡಿದ್ವು. ಕೆಂಪು ಡಬ್ಬಿ ಏನು ಮಾಡ್ತಿತ್ತಂತೆ? ನಿದ್ದೆನಾ?”

ಎತ್ತರ ಎಂಬ ಮಾತು ಕೇಳಿದ ಕೂಡಲೇ ಅವನ ಕಣ್ಣು ಚೌಕಟ್ಟಿನ ಕಡೆಗೆ ಹೋಯಿತು. ಕಂಬಿ ಅಲ್ಲೇ, ಲಾಯರ ಎತ್ತರದಲ್ಲೇ, ಧ್ವಜದ ಕಂಬದಂತೆ ನಿಂತಿತ್ತು. ಅವನು ಸ್ಟೂಲಿನ ಮೇಲೆ ಕೂತ. ಬಾಯಿಗೆ ಯಾವ ನೆಂಟನ ಹೆಸರೂ ಬರಲಿಲ್ಲ.

“ಕಂಬಿ ಇಳಿಸಿಲ್ಲ,” ಎಂದ.

“ಅಂದ್ರೆ?”

“ಲಾಯರ್ ಎತ್ತರಕ್ಕೇ ನಿನ್ನ ಹಲ್ಲು ಕೂರಿಸ್ಬಿಟ್ಟೆ.”

ಅಕ್ಕ ಹಲ್ಲು ತೆಗೆದು ಕರವಸ್ತ್ರದಲ್ಲಿಟ್ಟುಕೊಂಡಳು. “ಹಾಗಾದ್ರೆ ನಾನು ಬೆಳಿಗ್ಗೆ ಲಾಯರ್ ಬಾಯಲ್ಲಿ ಬಸ್ಸು ಕೂಗಿದೆ,” ಎಂದಳು. ಯಾರೂ ನಗಲಿಲ್ಲ. “ನಿನ್ನೆ ಮೇಣದಲ್ಲೇ ಬಾಯಿಗಿಟ್ಟಿದ್ರೆ?”

“ಗೊತ್ತಾಗ್ತಿತ್ತು.”

“ಎಷ್ಟು ಹೊತ್ತು ಹಿಡೀತಿತ್ತು?”

“ಒಂದು ಲೋಟ ಟೀ ಕುಡಿಯೋಷ್ಟು.”

ಆಮೇಲೆ ಅವನು ಚಟ್ಟನೆ ಎದ್ದು, ಹಲ್ಲಿಗೆ ಕೈ ಚಾಚಿದ. “ಕೊಡಿಲ್ಲಿ, ಉಜ್ಜಿ ತಗ್ಗಿಸಿಬಿಡ್ತೀನಿ. ಸಂಜೆಯೊಳಗೆ. ಈಗಾ—”

ಅಕ್ಕ ಅವನ ಕೈಗೆ ಫಟ್ಟನೆ ಹೊಡೆದಳು. ಬಹಳ ವರ್ಷಗಳ ನಂತರದ ಏಟು.

“ಆ ಮಾತು ಆಡಿದ್ರೆ ನಾಲಿಗೆಗೆ ದಾರ ಕಟ್ತೀನಿ. ಉಜ್ಜಿ ತಗ್ಗಿಸ್ತಾನಂತೆ. ಒಂದು ಅವಸರನ ಇನ್ನೊಂದು ಅವಸರದಿಂದ ಒರೆಸ್ತೀಯಾ? ಮೊದಲಿಂದ ಮಾಡು. ನಾನು ಇಲ್ಲೇ ಕೂತಿರ್ತೀನಿ. ರಜೆ ಹಾಕಿದೀನಿ.”

“ಇಲ್ಲೇ ಅಂದ್ರೆ?”

“ಈ ಕುರ್ಚಿ ಮೇಲೆ. ಮತ್ತೆ, ಇವರನ್ನೆಲ್ಲ ಎಬ್ಬಿಸು.” ಮೇಜಿನ ತುಂಬ ಬಾಯಿ ತೆರೆದು ಕೂತಿದ್ದ ದವಡೆಗಳನ್ನು ಅವಳು ಬೆರಳಲ್ಲಿ ತೋರಿಸಿದಳು. “ನನ್ನ ಹಲ್ಲು ಆಗೋವರೆಗೂ ಬೇರೆ ಯಾರೂ ಬಾಯಿ ಹಾಕ್ಬಾರದು.”

ಹೋಟೆಲಿನವರು, ಮಾಂಸದಂಗಡಿಯವನು, ಇನ್ನಾರೋ ಹೆಸರಿಲ್ಲದವರು, ಎಲ್ಲರೂ ಎದ್ದರು. ಹೆಂಡತಿ “ನನ್ನ ಅಡುಗೆಮನೆಗೆ ಒಬ್ಬರೂ ಬರಕೂಡದು” ಎಂದದ್ದರಿಂದ ಬೀರುವಿನ ಮೇಲೆ ಸಾಲಾಗಿ ಕೂತು, ಟವಲು ಹೊದ್ದುಕೊಂಡರು. ಬಣ್ಣದ ಡಬ್ಬಿಗಳು ಹೆಂಡತಿಯ ತಮ್ಮನ ಮನೆಗೆ ಹಿಂದಿರುಗಿದವು. ಮೇಜು ಖಾಲಿಯಾದಾಗ ಅದರ ಮರದ ಬಣ್ಣ ಯಾವುದೆಂದು ಮೊದಲ ಸಲ ತಿಳಿಯಿತು.

ಅವನು ಬದಲಾದ ಎಂದು ಯಾರೂ ಹಾರ ತರುವ ಅಗತ್ಯವಿಲ್ಲ. ಮೊದಲ ದಿನವಿಡೀ ಅವನು ಕಟ್ಟಿಹಾಕಿದ ಕರುವಿನ ಹಾಗೆ ಒದ್ದಾಡಿದ. ಒಂದು ಹಲ್ಲು ಕೂರಿಸಿದ ಮೇಲೆ ಕೈ ತಾನಾಗಿ ಬೇರೊಂದು ಕೆಲಸಕ್ಕೆ ಹೋಗುತ್ತಿತ್ತು. ಅಲ್ಲಿ ಏನೂ ಇರದೆ ಗಾಳಿಯನ್ನು ಹಿಡಿದು ವಾಪಸು ಬರುತ್ತಿತ್ತು. ಅಕ್ಕ ಎದುರು ಕೂತು, ಹಳೆಯ ಸ್ವೆಟರೊಂದನ್ನು ಬಿಚ್ಚಿ ಉಂಡೆ ಸುತ್ತುತ್ತ, ಆ ಕೈಯನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಡಾಕ್ಟರಮ್ಮನ ಫೋನು. “ಲಾಯರ್ ತಮ್ಮನಿಗೂ ಒಂದು ಸೆಟ್ಟು ಬೇಕಂತೆ. ನಾಳೆಗೇ ಬೇಕು. ಕಳಿಸ್ತಾ ಇದೀನಿ.”

“ಈಗಾ...” ಎಂದು ಬಾಯಿ ತೆರೆದ. ಎದುರಿಗೆ ಉಣ್ಣೆಯ ಉಂಡೆ ಸುತ್ತುವುದು ನಿಂತಿತ್ತು. “ಈಗಾಗಲ್ಲ ಡಾಕ್ಟ್ರೇ.”

“ಏನಂದ್ರಿ?”

“ಮೇಜಿನ ಮೇಲೆ ಬೇರೆಯವರಿದ್ದಾರೆ. ಮುಂದಿನ ವಾರ ಆದ್ರೆ ಮಾಡ್ತೀನಿ.”

“ನೀವಲ್ದಿದ್ರೆ ಇನ್ನೊಬ್ರು ಮಾಡ್ತಾರೆ. ಆಮೇಲೆ ನನ್ನ ಬೈಬೇಡಿ.”

“ಸರಿ ಡಾಕ್ಟ್ರೇ.”

ಸರಿ ಎಂದದ್ದು ಇಲಿಯ ಧ್ವನಿಯಲ್ಲಿ. ಫೋನು ಇಟ್ಟ ಮೇಲೂ ಅದು ಮತ್ತೆ ಹೊಡೆದುಕೊಳ್ಳಬಹುದೆಂದು ಆಸೆಯಿಂದ ನೋಡಿದ. ಹೊಡೆದುಕೊಳ್ಳಲಿಲ್ಲ. ಬೀರುವಿನ ಮೇಲೆ ಟವಲಿನಡಿಯಲ್ಲಿದ್ದವರು ತನ್ನನ್ನು ನೋಡಿ ನಗುತ್ತಿದ್ದಾರೆಂದು ಅವನಿಗೆ ಅನ್ನಿಸಿತು.

“ಅಳ್ಬೇಡ,” ಎಂದಳು ಅಕ್ಕ. “ಕೆಲಸ ನೋಡು.”

ನೋಡಿದ. ಅಕ್ಕನ ಅಳತೆಗೆ ಕಂಬಿ ಇಳಿಸಿದ, ತಿರುಪು ಬಿಗಿದ. ಬಿಗಿದದ್ದನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿದ: “ಇದು ಅಕ್ಕಂದು.” ಹೇಳುವಾಗ ನಾಚಿಕೆಯಾಯಿತು, ಆದರೂ ಹೇಳಿದ. ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದು, ಬೇರೆ ಯಾರೋ ಮಾಡಿದ ಕೆಲಸವನ್ನು ತಪ್ಪು ಹುಡುಕಲು ನೋಡುವವನಂತೆ ಮತ್ತೆ ನೋಡಿದ. ಕಂಬಿ ಸರಿಯಿತ್ತು. ಒಂದೊಂದೇ ಹಲ್ಲು. ಕಿಟಕಿಯ ಬೆಳಕು ಪಕ್ಕದ ಗೋಡೆಗೆ ಬಡಿದು, ಅಲ್ಲಿಂದ ಜಾರಿ, ಮೇಣದ ಮೇಲೆ ಎಳೆಗೆಂಪಾಗಿ ಬೀಳುತ್ತಿತ್ತು. ಆ ಬೆಳಕಿನಲ್ಲಿ ಅವನಿಗೆ ಅಕ್ಕನ ಹಳೆಯ ಬಾಯಿ ನೆನಪಾಯಿತು. ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಏರಿಕೊಂಡಿತ್ತು. ಮೊದಲ ಸಲ ಅವಸರದಲ್ಲಿ ಎಲ್ಲವನ್ನೂ ಸೈನಿಕರಂತೆ ನೇರ ನಿಲ್ಲಿಸಿದ್ದ. ಈ ಸಲ ಆ ಹಲ್ಲನ್ನು ಉಗುರಿನಿಂದ ಮೆಲ್ಲಗೆ ಪಕ್ಕದ್ದಕ್ಕೆ ಒರಗಿಸಿದ.

ಮೇಣದ ಸೆಟ್ಟು ಬಾಯಿಗೆ ಹೋಯಿತು. ಸಕಾರವಿರುವ ಮಾತು ಆಡಿಸಿ ಕೇಳುವುದು ಕ್ರಮ.

“ಏನಾದ್ರೂ ಹೇಳಕ್ಕಾ. ಸೊಸೆ, ಸಾಸಿವೆ, ಹಾಗೆ.”

ಅಕ್ಕ ಯೋಚಿಸಿದಳು. “ಸೋಮಾರಿ,” ಎಂದಳು.

ಟಕ್ ಇಲ್ಲ.

“ಸುಳ್ಳುಗಾರ. ಸೊಟ್ಟ ಮೂತಿಯ ಸೋಗಲಾಡಿ.”

ಒರೆಸಿಟ್ಟ ಲೋಟ. ಅವನ ಮುಖ ಅರಳಿತು. “ಇನ್ನೊಂದು, ಇನ್ನೊಂದು.”

“ಸ್ವಂತ ಅಕ್ಕನ್ನೇ ಬಿಸಿಲಲ್ಲಿ ವಾಪಸು ಕಳಿಸ್ದೋನು.”

ಅದೂ ಸ್ಪಷ್ಟವಾಗಿಯೇ ಇತ್ತು. ಅವನು ಇನ್ನೊಂದು ಕೇಳಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಬಿಡ್ಬೇಡಿ ಅತ್ತಿಗೆ, ನನ್ನ ಪರವಾಗಿ ಒಂದೆರಡು ಸೇರಿಸಿ!”

ಎರಡನೇ ಪರೀಕ್ಷೆಯ ದಿನ ಸಂಜೆ ಅವನೂ ನಿಲ್ದಾಣಕ್ಕೆ ಹೋದ. ಒಳಗೆ ಬಿಡಲಿಲ್ಲ. ಧ್ವನಿಪೆಟ್ಟಿಗೆಯ ಕೆಳಗೆ, ಗಂಟುಗಳ ನಡುವೆ, ಕತ್ತೆತ್ತಿ ನಿಂತ. ಯಂತ್ರದ ಹೆಣ್ಣು “ಬಂದರಿಗೆ ಹೋಗುವ” ಎಂದು ಹೇಳಿ ಅಲ್ಲೇ ಸುಮ್ಮನಾಯಿತು, ಆ ಸುಮ್ಮನಾದದ್ದು ಮುಗಿಯಲಿಲ್ಲ. ಯಾರೋ ಅದನ್ನು ಆರಿಸಿದ್ದರು. ಆಮೇಲೆ ಉಸಿರೊಂದು ಕೇಳಿಸಿತು, ಆಮೇಲೆ ಅಕ್ಕ.

“ಪ್ರಯಾಣಿಕರ ಗಮನಕ್ಕೆ. ಆಸ್ಪತ್ರೆ ಮಾರ್ಗದ ಸಂಜೆಯ ಬಸ್ಸು ಮೂರನೇ ಅಂಕಣಕ್ಕೆ ಬಂದಿದೆ.”

ಕುದುರೆ ಬರಲಿಲ್ಲ. ದಾರಿ ಬಿಡಿ ಎಂದಿದ್ದ ಡ್ರೈವರು ಬಸ್ಸಿನ ಮೆಟ್ಟಿಲಲ್ಲಿ ನಿಂತು ಕಿವಿ ಕೊಟ್ಟು, ನಿರಾಶನಾಗಿ ಒಳಗೆ ಹತ್ತಿದ. ಕೈಯಲ್ಲಿ ಔಷಧಿ ಚೀಲ ಹಿಡಿದು ಅತ್ತಿಂದಿತ್ತ ಓಡುತ್ತಿದ್ದ ಮುದುಕಿಯೊಬ್ಬಳು ನಿಂತಳು, ಕೇಳಿದಳು, ಮೂರನೇ ಅಂಕಣದ ಕಡೆಗೆ ತಿರುಗಿದಳು. ತಮ್ಮ ಕಣ್ಣೊರೆಸಿಕೊಂಡ. ಆಮೇಲೆ ಅಕ್ಕ ಇನ್ನೊಂದು ಬಸ್ಸು ಕೂಗಿದಳು, ಅದರ ನಡುವೆ ಎಲ್ಲೋ, ಮಳೆ ನಿಂತ ಮೇಲೆ ಎಲೆಯಿಂದ ಬೀಳುವ ಒಂದು ಹನಿಯಷ್ಟು, ಟಿಕ್ ಎಂದಿತು. ಬೇರೆ ಯಾರಿಗೂ ಕೇಳಿಸಿರಲಾರದು. ಅವನಿಗೆ ಕೇಳಿಸಿತು. ಎಡಗಡೆ, ಮೇಲೆ, ಹಿಂದಿನದು.

ಹಿಂದಿನ ವಾರದ ಮನುಷ್ಯನಾಗಿದ್ದರೆ ಅದನ್ನು ಗಾಳಿಯ ಮೇಲೋ ಮೈಕಿನ ಮೇಲೋ ಹಾಕಿ ಮನೆಗೆ ಹೋಗಿ ಉಣ್ಣುತ್ತಿದ್ದ. ಅವನು ಗಾಜಿನ ಕಿಂಡಿಯ ಬಳಿ ಹೋಗಿ ತಟ್ಟಿದ. ಅಕ್ಕ ಮೈಕು ಆರಿಸಿ ಕಿಂಡಿ ತೆರೆದಳು. ಮುಖದಲ್ಲಿ ಕರವಸ್ತ್ರವಿರಲಿಲ್ಲ. ಏರಿಕೊಂಡ ಆ ಮುಂದಿನ ಹಲ್ಲು ಹಾಗೆಯೇ ಇತ್ತು.

“ಏನಂದ್ರು?”

“ಮಧ್ಯಾಹ್ನದಿಂದ ನಾನು. ಬೆಳಿಗ್ಗೆ ಹೊತ್ತು ಆ ಡಬ್ಬಿ. ದುಡ್ಡು ಕೊಟ್ಟು ತಂದಿದ್ದಾರಲ್ಲ, ಅದಕ್ಕೂ ಏನಾದ್ರೂ ಕೆಲಸ ಬೇಕು.” ತುಟಿಯ ಮೂಲೆಯಲ್ಲಿ ನಗುವಿತ್ತು. “ಯಾಕೆ, ಮೂತಿ ಯಾಕೆ ಹಾಗಿಟ್ಕೊಂಡಿದೀಯ?”

“ಎಡಗಡೆ ಹಿಂದಿನ ಹಲ್ಲು ಒಂದು ಸ್ವಲ್ಪ ತಾಗ್ತಾ ಇದೆ. ಕೇಳಿಸ್ತು. ಅದನ್ನೊಂದು ನೋಡ್ಬೇಕು.”

“ಈಗಾಯ್ತಾ?” ಎಂದಳು ಅಕ್ಕ. ಆ ಮೂರು ಅಕ್ಷರಕ್ಕೆ ಅವಳು ಸುರಿದ ತಿರಸ್ಕಾರದಲ್ಲಿ ಒಂದು ಕೊಡ ಹಾಲು ಒಡೆಯುತ್ತಿತ್ತು.

“ಈಗಲ್ಲ. ನಾಳೆ...” ಎಂದವನು ತಡೆದು, ಬೀರುವಿನ ಮೇಲಿದ್ದವರನ್ನು ನೆನೆದುಕೊಂಡ. “ನಾಳೆ ಬೇಡ. ನಾಳೆ ಮೇಜಿನ ಮೇಲೆ ಮಾಂಸದಂಗಡಿಯವನಿರ್ತಾನೆ. ನಾಡಿದ್ದು ಬಾ.”

ಅಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಲು ಅವಸರವಿಲ್ಲದವರು ನೋಡುವ ಹಾಗೆ. ಆಮೇಲೆ ಕಿಂಡಿ ಮುಚ್ಚಿ ಮೈಕಿನ ಕಡೆ ತಿರುಗಿದಳು.